ಐದು ಕೋಟು ಬಣ್ಣದ ಕೆಳಗೆ

ನಾನೊಂದು ಪುಟ್ಟ ಕಾರು. ಹುಟ್ಟಿ ಮೂವತ್ತಾರು ವರ್ಷವಾಯಿತು. ಮೂರು ಸಿಲಿಂಡರು, ನಾಲ್ಕು ಗೇರು, ಐದನೆಯವರು ಹತ್ತಿದರೆ ಉಳಿದ ನಾಲ್ವರೂ ಮುನಿಸಿಕೊಳ್ಳುವಷ್ಟು ಜಾಗ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನ್ನ ಬಾನೆಟ್ಟಿನ ಕೆಳಗಿನ ತಗಡಿನ ಮೇಲೆ ಚಾಸಿಸ್ ನಂಬರು ಕುಟ್ಟಿದರು. ನೋವಾಯಿತು, ಆಮೇಲೆ ಮರೆತೆ.

ಹರಿಹರಕ್ಕೆ ನನ್ನನ್ನು ತಂದವರು ಹೆರಿಗೆ ಡಾಕ್ಟರು ಲೀಲಾಬಾಯಿ. ನನ್ನನ್ನು ಎಷ್ಟು ಓಡಿಸಿದರೆಂದರೆ, ಸುತ್ತಲ ಹಳ್ಳಿಗಳಲ್ಲಿ ನನ್ನ ಹಾರ್ನ್ ಕೇಳಿದರೆ ಸಾಕು, ಜನ ಒಲೆಯ ಮೇಲೆ ಬಿಸಿನೀರಿಡುತ್ತಿದ್ದರು. ಡಾಕ್ಟರಿಗೆ ವರ್ಗವಾದಾಗ ಗುರುಸಿದ್ದಪ್ಪನವರ ಮನೆ ಸೇರಿದೆ.

ಗುರುಸಿದ್ದಪ್ಪನವರು ಯಂತ್ರದ ಕಾರ್ಖಾನೆಯೊಂದರಲ್ಲಿ ಪೇಂಟರು. ನನ್ನ ಮೈಲೇಜಿನ ಬಗ್ಗೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. "ಇದು ಪೆಟ್ರೋಲ್ ಕುಡಿಯಲ್ಲ ಕಣ್ರೀ, ಮೂಸಿ ನೋಡಿದ್ರೆ ಸಾಕು, ದಾವಣಗೆರೆ ಮುಟ್ಟಿಸ್ತತೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಇಳಿಜಾರು ಕಂಡರೆ ಎಂಜಿನ್ ಆಫ್ ಮಾಡಿ ಉರುಳಿಸಿಕೊಂಡು ಹೋಗುವರು. ನನಗೆ ಎದೆ ಧಸಕ್ಕೆನ್ನುತ್ತಿತ್ತು, ಅವರಿಗೆ ಉಳಿತಾಯದ ಖುಷಿ.

ನಿವೃತ್ತರಾದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಆಯುಧಪೂಜೆ ಬಂತೆಂದರೆ ಬಾನೆಟ್ ಎತ್ತಿ ಒಳಗೆಲ್ಲ ದಪ್ಪಗೆ ಬಣ್ಣ ಬಳಿಯುವರು. ಕಬ್ಬಿಣ ಬರಿಮೈಯಲ್ಲಿ ಇರಬಾರದು ಎಂಬುದು ಅವರ ಕಸುಬಿನ ಪಾಠ. ಹೀಗೆ ಐದು ವರ್ಷ, ಐದು ಕೋಟು.

ಆಮೇಲೆ ಅವರ ಮೊಣಕಾಲು ಕೈಕೊಟ್ಟಿತು, ಕ್ಲಚ್ ಒತ್ತಲು ಆಗದಾಯಿತು. ಗುಜರಿಯವನು ಎರಡು ಸಲ ಬಂದು ಹೋದ. ಅಷ್ಟರಲ್ಲಿ ನಿಖತ್ ಬಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಹಳೆಯ ಕಾರುಗಳ ಹುಚ್ಚು.

"ದುಡ್ಡಿದ್ದೋರು ಹಡಗಿನಂಥಾ ಹಳೇ ಕಾರು ಸಾಕ್ತಾರೆ ಅಂಕಲ್. ನನ್ನ ಸಂಬಳಕ್ಕೆ ಇದೇ ವಿಂಟೇಜು. ಆದ್ರೆ ರಿಜಿಸ್ಟ್ರೇಷನ್ ರಿನ್ಯೂ ಆಗ್ಬೇಕು. ಓಡಿಸಕ್ಕಾಗದಿದ್ರೆ ನಾನು ತಗೊಂಡು ಏನ್ ಮಾಡ್ಲಿ?"

ಮೂವರೂ ದಾವಣಗೆರೆಯ ಆರ್‌ಟಿಓ ಕಚೇರಿಗೆ ಹೋದೆವು. ಇನ್ಸ್‌ಪೆಕ್ಟರು ಬಾನೆಟ್ ಎತ್ತಿಸಿ, ನಂಬರಿನ ಜಾಗಕ್ಕೆ ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿದರು. ನಂಬರಿನ ಅಚ್ಚು ಮೂಡಬೇಕಿತ್ತು. ಕಾಗದ ಬರೀ ಕಪ್ಪಾಯಿತು.

"ಏನ್ರೀ, ನಂಬರೇ ಇಲ್ಲ? ಇದು ಯಾವ ಗಾಡಿ ಅಂತ ಬರ್ಕೊಳ್ಲಿ? ನಂಬರ್ ತೋರಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ."

ಗುರುಸಿದ್ದಪ್ಪನವರ ಮುಖ ಬಿಳುಚಿಕೊಂಡಿತು. ತುಕ್ಕು ಹಿಡಿಯದಿರಲೆಂದು ಬಳಿದ ಬಣ್ಣದಲ್ಲಿ ನನ್ನ ಗುರುತನ್ನೇ ಮುಚ್ಚಿಹಾಕಿದ್ದರು. ಗಾಬರಿಯಲ್ಲಿ ಟೂಲ್ ಚೀಲದಿಂದ ಅರ ತೆಗೆದು ಉಜ್ಜಲು ಹೊರಟರು. ನಿಖತ್ ಅವರ ಕೈ ಹಿಡಿದಳು.

"ಬೇಡ ಅಂಕಲ್! ಬಣ್ಣದ ಜೊತೆ ಅಂಕಿನೂ ಸವೆದೋದ್ರೆ ಮುಗೀತು."

ಎದುರಿನ ಅಂಗಡಿಯಿಂದ ಬಣ್ಣ ಕರಗಿಸುವ ಥಿನ್ನರ್ ತಂದಳು. ತನ್ನ ಚೀಲದಲ್ಲಿದ್ದ ಹತ್ತಿಯನ್ನು ಅದರಲ್ಲಿ ಅದ್ದಿ, ಸೂಜಿ ಚುಚ್ಚುವ ಮುನ್ನ ತೋಳು ಒರೆಸುವಷ್ಟು ಮೆತ್ತಗೆ ಒರೆಸತೊಡಗಿದಳು. ಬೂದು ಹೋಯಿತು, ಹಸಿರು ಬಂತು. ಹಸಿರು ಹೋಯಿತು, ನೀಲಿ. ಗುರುಸಿದ್ದಪ್ಪನವರು ಪಕ್ಕದಲ್ಲೇ ನಿಂತು "ಉಳಿಸ್ಬೇಕು ಅಂತ ಬಳಿದೆ ತಾಯಿ, ಉಳಿಸ್ಬೇಕು ಅಂತ" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಭಯವಾಗಿತ್ತು.

ಒಂದು ಗಂಟೆಯಾದ ಮೇಲೆ ಅಂಕಿಗಳು ಕಂಡವು. ಕೊನೆಯದೊಂದು ಮಾತ್ರ ಮೂರೋ ಎಂಟೋ ತಿಳಿಯದಂತಿತ್ತು. ಇನ್ಸ್‌ಪೆಕ್ಟರು ಹೊಸ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ, ಅದನ್ನು ಬಿಸಿಲಿಗೆ ಹಿಡಿದು ನನ್ನ ರಿಜಿಸ್ಟ್ರೇಷನ್ ಪುಸ್ತಕದ ಪಕ್ಕ ಇಟ್ಟು ನೋಡಿದರು.

"ಮೂರು. ಸರಿಯಿದೆ" ಎಂದು ಸಹಿ ಹಾಕಿದರು.

ಬದುಕಿದೆನಪ್ಪಾ ಎನ್ನಿಸಿತು.

ಈಗ ಭಾನುವಾರಗಳಂದು ನಿಖತ್ ನನ್ನನ್ನು ಹಳೆಯ ಕಾರುಗಳ ಕೂಟಕ್ಕೆ ಕರೆದೊಯ್ಯುತ್ತಾಳೆ. ದೊಡ್ಡ ದೊಡ್ಡ ಕಾರುಗಳ ನಡುವೆ ನಾನು ಮೊಣಕಾಲೆತ್ತರ. ಜನ ನನ್ನ ಹತ್ತಿರ ನಿಂತು "ನಮ್ಮನೇಲೂ ಇತ್ತು" ಎನ್ನುತ್ತಾರೆ. ಅದೂ ಖುಷಿಯೇ. ಆದರೆ ಸಹಿಯಾದ ದಿನ ವಾಪಸು ಬಂದ ದಾರಿಯೇ ನನಗೆ ಹೆಚ್ಚು ನೆನಪಾಗುತ್ತದೆ.

ಗುರುಸಿದ್ದಪ್ಪನವರು ಎಡಗಡೆಯ ಸೀಟಿನಲ್ಲಿ ಕೂತಿದ್ದರು. ಎದುರಿಗೆ ಲಾರಿ ಬಂದಾಗಲೆಲ್ಲ, ಬ್ರೇಕೇ ಇಲ್ಲದ ಆ ಕಡೆಯೂ ಅವರ ಬಲಗಾಲು ನನ್ನ ನೆಲವನ್ನು ಒತ್ತುತ್ತಿತ್ತು. ದೊಡ್ಡಬಾತಿ ದಾಟುವ ಹೊತ್ತಿಗೆ ಒತ್ತುವುದು ನಿಂತಿತು. ಪಾದ ಸಡಿಲವಾಯಿತು, ತಲೆ ಕಿಟಕಿಗೆ ವಾಲಿತು. ನಿಖತ್ ಒಮ್ಮೆ ತಿರುಗಿ ನೋಡಿ ಗೇರು ಬದಲಾಯಿಸಿದಳು. ಅವರಿಗೆ ಎಚ್ಚರವಾಗದಂತೆ ನಾನೂ ಆದಷ್ಟು ಮೆಲ್ಲಗೆ ಸದ್ದು ಮಾಡುತ್ತಾ ಓಡಿದೆ.