ಅಕ್ಕ ತೊಡದ ನೀಲಿ

೧

ಎಲ್ಲಿಂದ ಶುರು ಮಾಡಲಿ? ಹರಿದ ಜಾಗದಿಂದ ಶುರು ಮಾಡಿದರೆ ಅಳುಬುರುಕ ಕಥೆಯಾಗುತ್ತದೆ. ಹೊಲಿದಾದ ಮೇಲಿನಿಂದ ಹೇಳಿದರೆ ಜಾಹೀರಾತು. ಕಿರಿಮಗಳಿಂದಲೇ ಶುರು ಮಾಡುತ್ತೇನೆ, ಹೇಗೂ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಅಕ್ಕನ ಫ್ರಾಕ್ ಹಾಕ್ಕೊಂಡು ನಾನು ಸ್ಟೇಜ್ ಹತ್ತಲ್ಲ. ಬೇಕಾದ್ರೆ ನೀನೇ ಹೋಗಿ ಹಾಡಪ್ಪ."

ಹನ್ನೊಂದು ವರ್ಷ ಇವಳಿಗೆ. ಶುಕ್ರವಾರ ಶಾಲೆಯಲ್ಲಿ ಒಬ್ಬಳೇ ನಿಂತು ಹಾಡಬೇಕು, ನೀಲಿ ತೊಟ್ಟೇ ಬರಬೇಕಂತೆ. ಮನೆಯಲ್ಲಿರುವ ನೀಲಿ ಒಂದೇ. ಅಕ್ಕ ಎರಡು ವರ್ಷ ತೊಟ್ಟು, ಬೂದಿ ಬಣ್ಣಕ್ಕೆ ತಂದು, ಹರಿದ ಮೇಲೆ ಇವಳ ಪಾಲಿಗೆ ಬಂದ ಫ್ರಾಕು. ಅಕ್ಕ ಇವಳಿಗಿಂತ ಒಂದೂವರೆ ವರ್ಷ ದೊಡ್ಡವಳು, ಅಳತೆ ಹೆಚ್ಚುಕಡಿಮೆ ಒಂದೇ. ಅಕ್ಕನ ಸ್ವೆಟರು, ಅಕ್ಕನ ಬ್ಯಾಗು, ಅಕ್ಕನ ಶೂಗಳಲ್ಲೇ ಬೆಳೆದ ಇವಳಿಗೆ ಕ್ಲಾಸಿನವರು ಇಟ್ಟ ಹೆಸರು ಜೆರಾಕ್ಸ್.

೨ (ಹೊಡೆದು ಹಾಕಿದ್ದು)

ಅಪ್ಪ ಹೊಸ ಫ್ರಾಕು ತಂದ. ಮಗಳು ಹಾಡಿದಳು. ಚಪ್ಪಾಳೆ.

(ಮೂರು ವಾಕ್ಯದಲ್ಲಿ ಮುಗಿಯುವುದಕ್ಕೆ ನಿದ್ದೆಗೆಡಬೇಕಿತ್ತಾ ಎಂದು ನೀವು ಕೇಳುವ ಮೊದಲೇ ತೇಪೆ ಆಂಟಿ ಕಥೆಯೊಳಗಿಂದ ಗದರಿದರು: "ಹೊಸದು ತರೋದಾದ್ರೆ ನನ್ನನ್ನ ಯಾಕ್ರೀ ಕರ್ಸಿದ್ರಿ? ಬಾಯಿ ನೋಡ್ಕೊಂಡು ಕೂರೋಕಾ?")

ಸರಿ, ಪರಿಚಯ ಮಾಡಿಸಲೇಬೇಕು.

೩

ಹರಿದದ್ದನ್ನು ಹೊಲಿದುಕೊಡುವ ತೇಪೆ ಆಂಟಿಯದು ಮೆಟ್ಟಿಲ ಕೆಳಗಿನ ಕೋಣೆ. ನಿಂತರೆ ತಲೆ ತಾಗುತ್ತದೆ, ಅದಕ್ಕೇ ಆಂಟಿ ಕೂತೇ ಜಗಳವಾಡುತ್ತಾರೆ. ಒಂದು ಹೊಲಿಗೆ ಮೆಷಿನ್, ಗುಂಡಿಗಳ ಡಬ್ಬ, ಗೋಡೆಯ ಮೇಲೆ ಯಾರದೋ ಪ್ಯಾಂಟು ಕೈಚೀಲವಾಗಿ ನೇತಾಡುತ್ತಿದೆ. ಹಳೆಯ ಬಟ್ಟೆ ಕಂಡರೆ ಮೂಗು ಮುರಿಯುವವರೇ ಜಾಸ್ತಿ. ಇವರು ಅದನ್ನು ಬೆಳಕಿಗೆ ಹಿಡಿದು, ಊರಿಂದ ಬಂದ ನೆಂಟರನ್ನು ವಿಚಾರಿಸುವ ಹಾಗೆ ನಿಧಾನವಾಗಿ ನೋಡುತ್ತಾರೆ.

ಫ್ರಾಕು ಮುಂದಿಟ್ಟೆ. ಬಲಸೊಂಟದ ಹತ್ತಿರ ನಾಲ್ಕು ಬೆರಳಷ್ಟು ಹರಿದಿತ್ತು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಒಂದು ಬಟ್ಟೆಯ ಹೂ ಅಂಟಿಸಿದ್ದು ನನ್ನ ಕೈಚಳಕ.

"ಗಾಯಕ್ಕೆ ಹೂ ಮುಡಿಸಿದ್ದು ಯಾರು?"

"ಅಪ್ಪ," ಎಂದಳು ಮಗಳು, ಒಂದು ಕ್ಷಣವೂ ತಡಮಾಡದೆ.

"ಕಥೆ ಬರೆಯೋರಲ್ವಾ, ಮುಚ್ಚಿ ಅಭ್ಯಾಸ."

(ಈ ಸಾಲನ್ನು ಎರಡು ಸಲ ಅಳಿಸಿದೆ. ಎರಡು ಸಲವೂ ಆಂಟಿ ವಾಪಸ್ ಬರೆಸಿದರು.)

ಆಮೇಲೆ ಹೊಲಿಗೆ ಬಿಚ್ಚುವ ಚೂಪು ಕೊಕ್ಕೆಯನ್ನು ಮಗಳ ಕೈಗೆ ಕೊಟ್ಟರು. "ಕೂತ್ಕೋ ಮರಿ. ಪೂರ್ತಿ ಬಿಚ್ಚು. ಹಾಕ್ಕೊಳ್ಳೋರೇ ಬಿಚ್ಬೇಕು, ಅದು ಇಲ್ಲಿನ ಕಾನೂನು."

"ನಾನು ಹಾಕ್ಕೊಳ್ಳಲ್ಲ ಅಂದ್ನಲ್ಲ."

"ಬೇಡ ಬಿಡು. ಅಕ್ಕನ ಮೇಲೆ ಸಿಟ್ಟಿದ್ಯಲ್ಲ, ಅದನ್ನಾದ್ರೂ ಇದ್ರ ಮೇಲೆ ತೀರಿಸ್ಕೋ."

ಆ ಉಪಾಯಕ್ಕೆ ಬಿದ್ದಳು.

೩, ಮತ್ತೊಮ್ಮೆ

(ಇಲ್ಲಿ ಎರಡು ಗಂಟೆಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೆ. "ಬಿಚ್ಚೋದೇ ಅರ್ಧ ಕೆಲ್ಸ ಕಣ್ರೀ, ಅದನ್ನೇ ಹಾರಿಸ್ತೀರಾ?" ಹಾರಿಸುವುದಿಲ್ಲ.)

ಒಂದೊಂದೇ ಹೊಲಿಗೆ. ಮೊದಲು ತೋಳು ಬಿಟ್ಟುಕೊಂಡಿತು, ಆಮೇಲೆ ಅಂಚು, ಕೊನೆಗೆ ಲೈನಿಂಗು. ಸಿಟ್ಟಿನಲ್ಲಿ ಶುರುವಾದ ಕೈ ನಡುವೆ ಎಲ್ಲೋ ಮೆತ್ತಗಾಗಿತ್ತು. ತೊಡೆಯ ಮೇಲೆ ಹರಡಿದ್ದ ಬಟ್ಟೆಯನ್ನು ಮಗುಚಿದಳು. ಮತ್ತೆ ಮಗುಚಿದಳು.

"ಆಂಟಿ, ಇದು ಬೇರೆ ಬಟ್ಟೆನಾ?"

ಅದೇ ಬಟ್ಟೆ. ಲೈನಿಂಗಿನ ಮರೆಯಲ್ಲಿ ಬಿಸಿಲನ್ನೇ ಕಾಣದ ಒಳಮೈ. ಆಗಷ್ಟೇ ಚೆಲ್ಲಿದ ಶಾಯಿಯಂಥ ಕಡುನೀಲಿ.

"ಅಕ್ಕ ಈ ಕಡೆ ಹಾಕ್ಕೊಂಡೇ ಇಲ್ವಾ?"

"ಯಾರೂ ಹಾಕ್ಕೊಂಡಿಲ್ಲ. ನಿಮ್ಮಕ್ಕ ಹೊರಗಿಂದು ಮುಗಿಸಿದ್ಲು, ಅಷ್ಟೇ."

ಮಗಳು ಕೊಕ್ಕೆ ಕೆಳಗಿಟ್ಟು, ನೀಲಿಯ ಮೇಲೆ ಅಂಟಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

೪

ಒಳಗನ್ನು ಹೊರಗೆ ಮಾಡಿದರೆ ಬಲ ಹೋಗಿ ಎಡವಾಗುತ್ತದೆ. ನನಗಿದು ಹೊಳೆದಿರಲಿಲ್ಲ. ಆಂಟಿಗೆ ಮಗಳು ಕೊಕ್ಕೆ ಹಿಡಿದಾಗಲೇ ಹೊಳೆದಿತ್ತು. ಇವಳು ಎಡಗೈಯವಳು.

ಬಲಸೊಂಟದ ಹರಕು ಎಡಕ್ಕೆ ಬಂತು. ನನ್ನ ಹೂ ಕಿತ್ತು ಹಾಕಿದ ಆಂಟಿ ಅದನ್ನು ಮುಚ್ಚಲಿಲ್ಲ. ಇನ್ನೆರಡು ಬೆರಳಷ್ಟು ಕತ್ತರಿಸಿ, ಅಂಚಿಗೆ ಹಳದಿ ದಾರ ಓಡಿಸಿ, ಒಳಗೆ ಹಳೆಯ ಲೈನಿಂಗಿನ ಚೀಲ ಕೂರಿಸಿ ಜೇಬು ಮಾಡಿಬಿಟ್ಟರು. (ಕಥೆಯ ಅನುಕೂಲಕ್ಕಾಗಿ ಮಗಳನ್ನು ಎಡಗೈಯವಳಾಗಿಸಿದೆ ಎಂಬ ಅನುಮಾನ ಬಂತೇ? ಬರಲಿ. ಇಷ್ಟು ಚೆಂದದ ಕೆಲಸ ನನ್ನ ತಲೆಯಿಂದ ಬಂದದ್ದೆಂದು ಒಬ್ಬರಾದರೂ ನಂಬಲಿ.)

ನಾನು ಕೆಟ್ಟ ಪುಟವನ್ನು ಮುದುಡಿ ಬುಟ್ಟಿಗೆಸೆಯುವವನು. ಅವರು ಹರಿದದ್ದಕ್ಕೇ ಒಂದು ಕೆಲಸ ಕೊಟ್ಟರು. ಹೊಟ್ಟೆಕಿಚ್ಚಾಯಿತು, ಕೈಮುಗಿಯಬೇಕೆನ್ನಿಸಿತು. ಎರಡೂ ಒಟ್ಟಿಗೇ.

೫

ಶುಕ್ರವಾರ. ಹತ್ತಿದಳು, ಎಡಗೈ ಜೇಬಿನಲ್ಲಿ. (ಹೇಗೆ ಹಾಡಿದಳು? ಎರಡನೇ ಚರಣದಲ್ಲಿ ಒಂದು ಸಾಲು ನುಂಗಿದಳು. ಬಿಡಿ.) ಯಾರೂ ಜೆರಾಕ್ಸ್ ಎನ್ನಲಿಲ್ಲ ಎಂದು ಬರೆದಿದ್ದೆ. ಸುಳ್ಳು. ಹಿಂದಿನ ಸಾಲಿನಲ್ಲಿ ಒಬ್ಬ ಎಂದ. ಪಕ್ಕದವಳು ತಿರುಗಿ, "ಯಾವುದರ ಜೆರಾಕ್ಸೋ?" ಎಂದು ಕೇಳಿದಳು. ಅವನು ಸ್ಟೇಜಿನ ಕಡೆ ಕತ್ತು ಚಾಚಿ ನೋಡತೊಡಗಿದ.

ಮನೆಗೆ ಬಂದ ಮೇಲೆ ಅಕ್ಕ ತಂಗಿಯ ಸುತ್ತ ಎರಡು ಸುತ್ತು ಬಂದಳು.

"ಇದು ನಂದಲ್ವೇನೇ?"

"ಅಲ್ಲ."

"ಭಾನುವಾರ ಒಂದಿನ ಕೊಡೇ. ಪ್ಲೀಸ್."

ಅಕ್ಕ ತಂಗಿಯ ಹತ್ತಿರ ಬಟ್ಟೆ ಕೇಳಿದ್ದು ಇದೇ ಮೊದಲು.

ಮುಕ್ತಾಯ ಅ: "ತಗೋ ಅಕ್ಕ" ಎಂದು ಅಪ್ಪಿಕೊಂಡಳು. (ಅಪ್ಪಂದಿರಿಗೆ ಇಷ್ಟ.)

ಮುಕ್ತಾಯ ಆ: "ಹೋಗೇ!" (ಓದುಗರಿಗೆ ಇಷ್ಟ. ನಿಜ ಹೇಳಿ.)

ಮುಕ್ತಾಯ ಇ: ತೋಚದೆ ತೇಪೆ ಆಂಟಿಯನ್ನು ಕೇಳಿದೆ. "ನಾನು ಹೊಲ್ದು ಕೊಟ್ಟಾಯ್ತು. ಯಾರಿಗೆ ಕೊಡ್ತಾಳೆ ಅನ್ನೋದು ನಂಗೂ ಸೇರಿದ್ದಲ್ಲ, ನಿಮ್ಗೂ ಸೇರಿದ್ದಲ್ಲ."

ಪೆನ್ನು ಹಿಡಿದು ಕಿರಿಯವಳ ಮುಖ ನೋಡಿದೆ.

"ಬರೀಬೇಡ ಅಪ್ಪ, ನಾನಿನ್ನೂ ಯೋಚ್ನೆ ಮಾಡ್ತಿದ್ದೀನಿ. ಅವಳೂ ಕಾಯ್ಲಿ, ನೀನೂ ಕಾಯಿ."