ಒಳಕ್ಕೆಳೆಯುವ ನಲ್ಲಿ

೨೦೨೪ರ ಮಾರ್ಚ್ ೧೭, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಪಕ್ಕದ ಮನೆಯ ಗಂಗಕ್ಕ ಬೇಲಿಯಾಚೆಯಿಂದ ಕೂಗಿದಾಗ ಪ್ರಮೋದ ಹಲ್ಲುಜ್ಜುತ್ತಿದ್ದ.

"ತಮಾ, ಒಂಚೂರು ಬಂದು ನೋಡು. ಇವತ್ತೂ ನೀರಿಲ್ಲ. ಇವ್ರು ಕಾಲು ಎಳ್ಕಂಡು ಮತ್ತೆ ಗುಡ್ಡ ಹತ್ತಿದ್ರು."

'ಇವ್ರು' ಎಂದರೆ ಅವಳ ಗಂಡ ಕೆರಿಯ. ಗುಡ್ಡದ ಒರತೆಯ ನೀರು ಒಂದೇ ಪೈಪಿನಲ್ಲಿ ತಾನಾಗಿ ಇಳಿದು ಬಂದು, ಬೇಲಿಯ ಬಳಿ ಕವಲೊಡೆದು ಎರಡೂ ಮನೆ ಸೇರುತ್ತಿತ್ತು. ಒರತೆಯ ಬಾಯಿಯ ಜಾಲರಿಯನ್ನು ಎರಡು ಮನೆಯವರೂ ಸರದಿಯಂತೆ ತೊಳೆಯುವುದು ರೂಢಿ. ಈಚೆಗೆ ಗಂಗಕ್ಕನ ನಲ್ಲಿ ಬೆಳಗಿನ ಹೊತ್ತು ಒಣಗತೊಡಗಿದಾಗ, "ತರಗೆಲೆ ಕಟ್ಟಿರ್ಬೇಕು" ಎಂದವನು ಪ್ರಮೋದನೇ. ಬಿ.ಎಸ್ಸಿ. ಓದಿ ಶಿರಸಿಯಲ್ಲಿ ಪಂಪಿನ ಅಂಗಡಿ ಇಟ್ಟವನ ಮಾತು. ಮಂಡಿನೋವಿನ ಕೆರಿಯ ಅದನ್ನು ನಂಬಿ ದಿನವೂ ಗುಡ್ಡ ಹತ್ತಿದ.

ಪ್ರಮೋದ ಬೇಲಿ ದಾಟಿ ಹೋಗಿ ಗಂಗಕ್ಕನ ನಲ್ಲಿ ತಿರುಗಿಸಿ, ಅದರ ಬಾಯಿಗೆ ಅಂಗೈ ಒಡ್ಡಿದ. ಚರ್ಮ ಮೆತ್ತಗೆ ಒಳಕ್ಕೆ ಅಂಟಿಕೊಂಡಿತು. ನಲ್ಲಿ ಗಾಳಿ ಎಳೆಯುತ್ತಿತ್ತು.

ಅವನ ಕಿವಿ ಬಿಸಿಯಾಯಿತು. ಹಿಂದಿನ ವಾರ ಮಹಡಿಯ ಹೊಸ ಬಚ್ಚಲಿನ ಶವರಿಗೆಂದು ತಾನೇ ಕೂರಿಸಿದ ಡಯಾಫ್ರಾಮ್ ಪಂಪು ಕಣ್ಣ ಮುಂದೆ ಬಂತು. ಅದರೊಳಗೆ ಇರುವುದು ಒಂದು ರಬ್ಬರ್ ಹಾಳೆ. ಮೋಟಾರು ಹಾಳೆಯನ್ನು ಹಿಂದಕ್ಕೆಳೆದಾಗ ಒಳಬಾಗಿಲು ತೆರೆದು ನೀರು ನುಗ್ಗುತ್ತದೆ. ಮುಂದಕ್ಕೆ ತಳ್ಳಿದಾಗ ಆ ಬಾಗಿಲು ಮುಚ್ಚಿ, ಹೊರಬಾಗಿಲಿನಿಂದ ನೀರು ರಭಸವಾಗಿ ಏರುತ್ತದೆ. ಎಳೆದದ್ದು ನೀರೋ ಗಾಳಿಯೋ ಅದಕ್ಕೆ ಲೆಕ್ಕವಿಲ್ಲ, ಗಾಳಿ ಬಂದರೂ ಕೆಡುವುದಿಲ್ಲ. ಗುಡ್ಡ ಕೊಡುವುದಕ್ಕಿಂತ ಹೆಚ್ಚು ನೀರನ್ನು ಅದು ಬೇಡುತ್ತಿತ್ತು. ಕಡಿಮೆ ಬಿದ್ದದ್ದನ್ನು ಗಂಗಕ್ಕನ ನಲ್ಲಿಯಿಂದ ಗಾಳಿಯಾಗಿ ಹೀರುತ್ತಿತ್ತು. ಮೊದಲು ಡ್ರಮ್ಮಿಗೆ ನೀರು ತುಂಬಿಸಿ, ಪಂಪು ಅದರಿಂದ ಎಳೆಯಬೇಕು ಎಂದು ಅಂಗಡಿಗೆ ಬಂದವರಿಗೆಲ್ಲ ಅವನೇ ಹೇಳುತ್ತಿದ್ದ. ತನ್ನ ಮನೆಯಲ್ಲಿ, ಹೇಗೂ ಹರಿದು ಹೋಗುವ ನೀರಲ್ಲವೇ ಎಂದು ಪೈಪಿಗೇ ಸಿಕ್ಕಿಸಿದ್ದ.

ಮನೆಗೆ ಹೋಗಿ ಪಂಪಿನ ಸ್ವಿಚ್ ಆರಿಸಿದ. ಮಹಡಿಯಿಂದ ಹೆಂಡತಿ ದಿವ್ಯಾ ಕೂಗಿದಳು: "ಮೈಯೆಲ್ಲ ಸೋಪು ಮಾರಾಯ್ರೆ! ಕರೆಂಟು ಹೋತಾ?"

ಅವನು ಮರಳುವಷ್ಟರಲ್ಲಿ ಗಂಗಕ್ಕನ ನಲ್ಲಿ ಕೆಮ್ಮಿ, ಉಗುಳಿ, ನೀರು ಬಿಡತೊಡಗಿತ್ತು.

"ನೀ ಬಂದಿದ್ದೇ ತಡ ನೋಡು! ನಿನ್ ಕೈಗುಣನೇ ಬೇರೆ. ಕೂತ್ಕ, ಚಾ ಮಾಡ್ತೆ."

ಅವನು ಕೂತ. ಸಂಜೆಯೊಳಗೆ ಒಂದು ಡ್ರಮ್ ಇಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಆ ಯೋಚನೆಯ ಜೊತೆಗೇ ಚಹಾ ಕುಡಿದು ಮುಗಿಸಿದ.

ಕೆರಿಯ ಒದ್ದೆ ಪಂಚೆಯಲ್ಲಿ, ಕೋಲು ಊರುತ್ತ ಇಳಿದು ಬಂದ. "ಬಂತನಾ ನೀರು? ಎಲೆ ಎಂತದೂ ಇರ್ಲಿಲ್ಲ, ಆದ್ರೂ ಜಾಲರಿ ಬಿಚ್ಚಿ ತೊಳದೆ. ನೀ ಹೇಳ್ದಂಗೆ ನಾಳೆನೂ ಹೋಗ್ತೆ ತಮಾ."

"ಹೋಗ್ಬೇಡ ಕೆರಿಯಣ್ಣ," ಎಂದ ಪ್ರಮೋದ. "ಎಲೆ ಅಲ್ಲ. ನನ್ನ ಪಂಪು."

ದಿವ್ಯಾಳನ್ನು ಕೂಗಿ ಪಂಪು ಹಾಕಿಸಿದ. ನೀರು ಸಣ್ಣಗಾಗಿ ನಿಂತಿತು. ಕೆರಿಯನ ಕೈ ಹಿಡಿದು ನಲ್ಲಿಯ ಬಾಯಿಗೆ ಇಟ್ಟ. ಮುದುಕ ಬೆಚ್ಚಿ ಕೈ ಹಿಂದೆಗೆದ; ಆಮೇಲೆ ತಾನೇ ಇನ್ನೊಮ್ಮೆ ಇಟ್ಟು ನೋಡಿದ.

"ಹಂಗಾರೆ ನಾ ಇಷ್ಟು ದಿನ ಗುಡ್ಡ ಹತ್ತಿದ್ದು ನಿನ್ ಹೆಂಡ್ತಿ ಸ್ನಾನಕ್ಕನಾ?"

"ಥೂ, ಎಂತಾ ಮಾತು!" ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕೆರಿಯನೂ ನಕ್ಕ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಪ್ರಮೋದ.

ನಗು ನಿಂತ ಮೇಲೆ ಗಂಗಕ್ಕ ಮೆಲ್ಲಗೆ ಕೇಳಿದಳು: "ನಲ್ಲಿಗೆ ಕೈ ಇಟ್ಟಾಗ್ಲೇ ನಿಂಗೆ ಗೊತ್ತಾಗಿತ್ತಲ್ದಾ? ಚಾ ಕುಡಿಯೋಕೆ ಮೊದ್ಲೇ?"

ಅವನು ತಲೆ ಎತ್ತಲಿಲ್ಲ. "ಹೌದು" ಎಂದ.

ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಪ್ರಮೋದ ಅಂದೇ ಅಂಗಡಿಯಿಂದ ಡ್ರಮ್ ತಂದು, ತನ್ನ ಮನೆಗೆ ಬರುವ ಪೈಪನ್ನು ಕತ್ತರಿಸಿ ಅದಕ್ಕೆ ಬಿಟ್ಟ. ಪಂಪಿಗೆ ಡ್ರಮ್ಮಿನಿಂದ ಬೇರೆ ಪೈಪು ಜೋಡಿಸಿದ. ಸಂಜೆ ಪಂಪು ಓಡುತ್ತಿರುವಾಗಲೇ ಗಂಗಕ್ಕನ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಕೆರಿಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೊಬೈಲಿನಲ್ಲಿ ಹೊತ್ತು ನೋಡಿ ಅಳೆದ. ನಿಮಿಷಕ್ಕೆ ಮೂರೂವರೆ ಲೀಟರ್. ಪಂಪು ಆರಿಸಿ ಮತ್ತೊಮ್ಮೆ ಅಳೆದಾಗಲೂ ಅಷ್ಟೇ.