ಕೋಟೆ ಬಾಗಿಲು ತೆಗೆದವನು

ಬೆಳಗಿನ ಹಾಜರಿಯ ಹೊತ್ತು. ಎಸ್ಟೇಟಿನ ಸ್ಟೋರಿನ ಮುಂದೆ ಆಳುಗಳು ಎರಡು ಸಾಲಾಗಿ ನಿಂತಿದ್ದರು. ಕೆಲವರು ಕಂಬಳಿಯೊಳಗೆ ಕೈ ಹುದುಗಿಸಿಕೊಂಡಿದ್ದರೆ, ಕೆಲವರು ಕಾಫಿ ಹಣ್ಣು ಕುಯ್ಯುವ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಷಡಕ್ಷರಿ ಪುಸ್ತಕ ಬಿಡಿಸಿ ಒಂದೊಂದೇ ಹೆಸರು ಕೂಗುತ್ತಿದ್ದ. "ಗುರುವಯ್ಯ" ಎಂದದ್ದೇ ತಡ, ಹಿಂದಿನ ಸಾಲಿನಿಂದ ಯಾರೋ "ಬಾಗಿಲು ತೆಗೆದೋನು!" ಎಂದರು. ಸಾಲಿಗೆ ಸಾಲೇ ಕಿಸಕ್ಕೆಂದಿತು. ಮೊದಲೆರಡು ದಿನ ಗುರುವಯ್ಯನೂ ಆ ನಗುವಿಗೆ ಸೇರಿಕೊಳ್ಳುತ್ತಿದ್ದ. ಈಗ ನೆಲ ನೋಡುತ್ತಾನೆ.

"ಗುರುವಯ್ಯ, ಸ್ಟೋರಿನ ಬೀಗದಕೈ ಕೊಡು. ಇವತ್ತಿಂದ ಕಾವಲಿಗೆ ಮೇಸ್ತ್ರಿ ಲಕ್ಕಯ್ಯ," ಎಂದ ಷಡಕ್ಷರಿ, ಪುಸ್ತಕದಿಂದ ತಲೆಯೆತ್ತದೆ.

"ಯಾಕಯ್ಯಾ? ಪಾರ್ಚ್‌ಮೆಂಟ್ ಕಾಫಿ ಏನಾದ್ರೂ ಕಮ್ಮಿ ಬಿತ್ತಾ?"

"ಹಂಗೇನಿಲ್ಲ. ಸಾಹುಕಾರ್ರು ಹೇಳಿದ್ರು."

ಹನ್ನೆರಡು ವರ್ಷ ಆ ಸ್ಟೋರನ್ನು ಕಾದವನು ಗುರುವಯ್ಯ. ಅವನ ಕಾವಲಿನಲ್ಲಿ ಒಂದು ಬೊಗಸೆ ಕಾಫಿ ಆಚೀಚೆ ಆದದ್ದಿಲ್ಲ. ಸಾಹುಕಾರ ಮಲ್ಲಿಕಾರ್ಜುನ ಅವರಿಗೂ ಅದು ಗೊತ್ತಿತ್ತು. "ನನಗೇನೂ ಅನುಮಾನ ಇಲ್ಲ ಷಡಕ್ಷರಿ," ಎಂದು ಹಿಂದಿನ ಸಂಜೆ ಹೇಳಿದ್ದರು. "ಆದ್ರೆ ಬಂದುಹೋಗೋರೆಲ್ಲ, ಬಾಗಿಲು ತೆಗೆಯೋನ ಕೈಗೇ ಬೀಗ ಕೊಟ್ಟಿದೀರಲ್ಲ ಅಂತ ನಗ್ತಾರೆ. ಸುಮ್ನೆ ಯಾಕೆ?" ಗುರುವಯ್ಯ ಸೊಂಟದ ದಾರದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟು ಸಾಲಿಗೆ ಹೋಗಿ ನಿಂತ.

ಇದರ ಬೇರು ಹಿಂದಿನ ವರ್ಷದ್ದು. ಮೂವತ್ತೊಂಬತ್ತನೇ ಇಸವಿಯ ಬೇಸಗೆಯಲ್ಲಿ ಮದರಾಸಿನ ಸಿನಿಮಾ ಕಂಪನಿಯೊಂದು ಎರಡು ಲಾರಿ ಸಾಮಾನು ಹೇರಿಕೊಂಡು ಮೂಡಿಗೆರೆಗೆ ಬಂದಿಳಿದಿತ್ತು. ಹಳೆಯ ಕಾಲದ ಯುದ್ಧದ ಚಿತ್ರ ತೆಗೆಯಬೇಕು, ದೇವರಮನೆಯ ಬೋಳುಗುಡ್ಡಗಳಷ್ಟು ಒಳ್ಳೆಯ ರಣರಂಗ ಬೇರೆಲ್ಲೂ ಇಲ್ಲ ಎಂದು ಡೈರೆಕ್ಟರಿಗೆ ಯಾರೋ ಹೇಳಿದ್ದರಂತೆ. ರಣರಂಗ ಸಿಕ್ಕಿತು, ಕಥೆ ಮಾತ್ರ ಅವರಿಗೇ ಹಿಡಿಸಿರಲಿಲ್ಲ. ಆಗ ಅವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟಿದ್ದ ಸಾಹುಕಾರರು, "ನಮ್ಮ ರೈಟರಿಗೆ ಬರೆಯೋ ಹುಚ್ಚಿದೆ" ಎಂದು ಷಡಕ್ಷರಿಯನ್ನು ಮುಂದಕ್ಕೆ ತಳ್ಳಿದರು. ಹಾಜರಿ ಪುಸ್ತಕದಲ್ಲೇ ಅರ್ಧ ಆಯುಸ್ಸು ಸವೆಸಿದ್ದ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಅವನ ಹತ್ತಿರ ಕಥೆಯೊಂದಿತ್ತು. ಕೊಟ್ಟಿಗೆಹಾರದಿಂದ ದೇವರಮನೆಗೆ ಹೋಗುವ ದಾರಿಯಲ್ಲಿ ಒಂದು ವೀರಗಲ್ಲು. ಆ ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಪಕ್ಕದ ಗಿಡದಿಂದ ಒಂದು ಹಸಿರು ಟಿಸಿಲು ಮುರಿದು ಕಲ್ಲಿನ ಬುಡಕ್ಕೆ ಹಾಕಿಯೇ ಮುಂದೆ ಹೋಗಬೇಕು. ಗೌಡನೂ ಹಾಕಬೇಕು, ಆಳೂ ಹಾಕಬೇಕು. ಯಾವುದೋ ಕಾಲದಲ್ಲಿ ಘಟ್ಟ ಹತ್ತಿ ಬಂದ ದಂಡನ್ನು ಕೋಟೆಬಾಗಿಲ ಕಾವಲಿನ ಬಂಟ ಮಾರಯ್ಯ ಒಬ್ಬನೇ ತಡೆದನೆಂದೂ, ಅಷ್ಟರಲ್ಲಿ ಊರಿನ ಹೆಂಗಸರು ಮಕ್ಕಳು ಗುಡ್ಡ ಹತ್ತಿ ಪಾರಾದರೆಂದೂ, ತಲೆ ಉರುಳಿದ ಮೇಲೂ ಅವನ ಮುಂಡ ಸಂಜೆಯವರೆಗೆ ಬಾಗಿಲಲ್ಲೇ ನಿಂತಿತ್ತೆಂದೂ ಹೇಳಿಕೆ. ಕಲ್ಲಿನ ಮೇಲೆ ಅಕ್ಷರವೇನೂ ಇರಲಿಲ್ಲ. ಪೂರ್ತಿ ಕಥೆ ಬಲ್ಲವಳು ಗುರುವಯ್ಯನ ತಾಯಿ ಭಾಗಮ್ಮ, ಏಕೆಂದರೆ ಮಾರಯ್ಯ ಅವರ ಮನೆತನದವನು. ಆ ಮನೆಯವರನ್ನು ಊರ ಬಾವಿಯ ಹತ್ತಿರಕ್ಕೂ ಬಿಡದ ಜನ, ಅವರ ಹಿರಿಯನ ಕಲ್ಲಿಗೆ ಮಾತ್ರ ಬಗ್ಗಿ ಸೊಪ್ಪು ಹಾಕುತ್ತಿದ್ದರು. ಅವರಿಗೆ ಈ ಲೋಕದಲ್ಲಿದ್ದ ಮರ್ಯಾದೆ ಅದೊಂದೇ.

ಡೈರೆಕ್ಟರು ಕಥೆ ಕೇಳಿ ಸಿಗರೇಟು ಹಚ್ಚಿದರು. "ಚೆನ್ನಾಗಿದೆ ರೈಟರೇ, ಆದರೆ ಹೀಗೇ ಇದ್ದರೆ ಪಿಕ್ಚರ್ ಆಗೋದಿಲ್ಲ. ನನ್ನ ಹೀರೋ ರಾಜ. ಅವನು ಸೋಲಬೇಕಾದರೆ ಮೋಸದಿಂದ ಸೋಲಬೇಕು. ಈ ಕಾವಲಿನವನೇ ಚಿನ್ನ ತೆಗೆದುಕೊಂಡು ಬಾಗಿಲು ತೆಗೆದ ಅಂತ ಮಾಡಿ."

"ಆದರೆ ನಡೆದದ್ದು ಹಾಗಲ್ಲ ಸಾರ್."

"ನಡೆದದ್ದನ್ನು ನೀವು ನೋಡಿದ್ದೀರಾ? ತಲೆಯಿಲ್ಲದ ಮುಂಡ ಸಂಜೆಯವರೆಗೆ ನಿಂತದ್ದು ಚರಿತ್ರೆಯೇ? ಆ ಮುದುಕಿ ಒಂದು ಕಟ್ಟಿದ್ದಾಳೆ, ನಾವು ಇನ್ನೊಂದು ಕಟ್ಟುತ್ತೇವೆ. ಕಲೆ ಅಂದರೆ ಅದೇ. ಚರಿತ್ರೆಯೇ ಬೇಕಾದವರು ಗೆಜೆಟಿಯರ್ ಓದಿಕೊಳ್ಳಲಿ."

ಷಡಕ್ಷರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೇ ಹೋದದ್ದಕ್ಕೆ ಅವನಿಗೆ ಒಳಗೊಳಗೇ ಹಾಯೆನಿಸಿತು ಎಂಬುದನ್ನೂ ಮುಚ್ಚಿಡಬಾರದು. ಪರದೆಯ ಮೇಲೆ 'ಸಂಭಾಷಣೆ: ಷಡಕ್ಷರಿ' ಎಂದು ಮೂಡುವುದು ಅವನ ಕಣ್ಣಿಗೆ ಆಗಲೇ ಕಟ್ಟಿತ್ತು. ಹೆಸರನ್ನಾದರೂ ಬದಲಾಯಿಸಬಹುದಿತ್ತು. ಬಂಟ ಮಾರಯ್ಯ ಎಂಬುದು ಬಾಯಿಗೆ ಗತ್ತಾಗಿ ಬರುತ್ತದೆಂದು ಅದನ್ನೂ ಹಾಗೆಯೇ ಉಳಿಸಿಕೊಂಡ.

ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿದೆ. ಎತ್ತರದ ಆಳು ಗುರುವಯ್ಯನನ್ನು ಕಂಡು ಡೈರೆಕ್ಟರು, ಇವನೇ ಮಾರಯ್ಯನಾಗಲಿ ಎಂದರು. ಗುರುವಯ್ಯನಿಗೆ ತನ್ನ ಮನೆತನದ ಹಿರಿಯಜ್ಜನ ವೇಷ ತಾನೇ ಹಾಕುವ ಹಿಗ್ಗು. ಸಿನಿಮಾ ತೆಗೆಯುವ ಕ್ರಮ ಅವನಿಗೇನು ಗೊತ್ತು? ಇವತ್ತು ಕೊನೆ, ನಾಳೆ ನಡು, ನಾಡಿದ್ದು ಮೊದಲು. ಬಾಗಿಲು ತೆಗಿ ಎಂದರು, ತೆಗೆದ. ಆ ಕಡೆ ಕೈ ಬೀಸಿ ಕರಿ ಎಂದರು, ಕರೆದ. ಇನ್ನೊಂದು ದಿನ ಯಾರೋ ಕೈಗೊಂದು ಚೀಲ ಕೊಟ್ಟರು. ನಗು ಎಂದರು, ನಕ್ಕ. "ಇದೇನಯ್ಯಾ ಚೀಲ?" ಎಂದು ಷಡಕ್ಷರಿಯನ್ನು ಕೇಳಿದ. "ರಾಜ ನಿಮ್ಮಜ್ಜನಿಗೆ ಮೆಚ್ಚಿ ಕೊಡೋ ಉಡುಗೊರೆ," ಎಂದುಬಿಟ್ಟ ಷಡಕ್ಷರಿ. ಬಿಡಿಸಿ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಕುಯ್ಲಿನ ಹೊತ್ತಿಗೆ ಚಿತ್ರ ಮೂಡಿಗೆರೆಯಲ್ಲಿ ಬೀಡುಬಿಟ್ಟಿದ್ದ ಸಿನಿಮಾ ಟೆಂಟಿಗೆ ಬಂತು. ಮೊದಲ ದಿನವೇ ಗುರುವಯ್ಯನ ಕಡೆಯವರು ಇಪ್ಪತ್ತು ಮಂದಿ ನಡೆದು ಬಂದು ಮುಂದಿನ ನೆಲದಲ್ಲಿ ಕುಳಿತರು. ಭಾಗಮ್ಮ ತಲೆಗೆ ಎಣ್ಣೆ ಹಚ್ಚಿ, ಇದ್ದ ಒಂದು ಒಳ್ಳೆಯ ಸೀರೆ ಉಟ್ಟಿದ್ದಳು. ಪರದೆಯ ಮೇಲೆ ಗುರುವಯ್ಯ ಈಟಿ ಹಿಡಿದು ಬಂದಾಗ ಅವರೆಲ್ಲ ಕೇಕೆ ಹಾಕಿದರು. ಅವನು ಚೀಲ ಹಿಡಿದು ನಕ್ಕಾಗಲೂ ಹಾಕಿದರು. ಆಮೇಲೆ ಬಾಗಿಲು ತೆರೆಯಿತು, ದಂಡು ನುಗ್ಗಿತು, ಹೆಂಗಸರು ಮಕ್ಕಳು ಕತ್ತಿಗೆ ಸಿಕ್ಕಿ ಬಿದ್ದರು. ಟೆಂಟಿಗೆ ಟೆಂಟೇ "ಥೂ ದ್ರೋಹಿ" ಎಂದು ಕೂಗಿತು. ಗುರುವಯ್ಯ ಹಿಂತಿರುಗಿ ಬೆಂಚಿನ ಕಡೆ ನೋಡಿದ. ಬೆಂಚಿನ ಮೇಲಿದ್ದ ಷಡಕ್ಷರಿ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದ. ಅಷ್ಟೊಂದು ಹೊತ್ತು ಅವನು ಎಂದೂ ಆ ಗಾಜು ಒರೆಸಿದವನಲ್ಲ.

ಬೀಗದಕೈ ಕಿತ್ತುಕೊಂಡ ಮರುದಿನ ಭಾನುವಾರ. ಕೊಟ್ಟಿಗೆಹಾರಕ್ಕೆ ಹೋಗಿದ್ದ ಷಡಕ್ಷರಿಯನ್ನು ಕಾಲು ತಾನಾಗಿ ಆ ಕಲ್ಲಿನ ಕಡೆ ಎಳೆಯಿತು. ಭಾಗಮ್ಮ ಅಲ್ಲಿ ಕೂತು ವೀರಗಲ್ಲಿನ ಬುಡದಿಂದ ಕಲ್ಲುಗಳನ್ನು ಹೆಕ್ಕಿ ಬುಟ್ಟಿಗೆ ತುಂಬುತ್ತಿದ್ದಳು. ಸೊಪ್ಪು ಬೀಳುವ ಕಡೆ ಈಗ ಜನ ಕಲ್ಲು ಹಾಕುತ್ತಿದ್ದರು. ದಾರಿಯ ಪದ್ಧತಿ ಹಾಗೆಯೇ ಇತ್ತು, ಹಾಕುವ ವಸ್ತು ಮಾತ್ರ ಬದಲಾಗಿತ್ತು.

"ಭಾಗಮ್ಮ, ಅದು ಬರೀ ಕಥೆ..." ಎಂದು ಷಡಕ್ಷರಿ ಶುರುಮಾಡಿದ. "ನೀನು ಹೇಳೋದ್ರಲ್ಲೂ ಮುಂಡ ನಿಂತಿತ್ತು ಅಂತ ಬರಲ್ವಾ?"

"ಬರುತ್ತಯ್ಯಾ. ಸುಳ್ಳೇ ಇರ್ಬೋದು. ನಾನೇನು ಕಂಡಿದೀನಾ? ಆದ್ರೆ ನಮ್ ಸುಳ್ಳಿಂದ ಯಾರ ಮೇಲೂ ಕಲ್ಲು ಬೀಳ್ಲಿಲ್ಲ. ಯಾರ ಅನ್ನಾನೂ ಹೋಗ್ಲಿಲ್ಲ." ಅವಳು ಬುಟ್ಟಿ ಪಕ್ಕಕ್ಕೆ ಸರಿಸಿದಳು. "ನೀವು ಕೇಳಿದ್ರಿ ಅಂತ ಹೇಳ್ದೆ. ರಾಜನ್ನ ಏನಾದ್ರೂ ಮಾಡ್ಕೋಬೋದಿತ್ತು ನೀವು, ಅವನಿಗೆ ಹೇಳೋರು ಕೇಳೋರು ಇದ್ರು. ನಮ್ಮೋನೇ ಸಿಕ್ಕಿದ್ನಾ?"

ಷಡಕ್ಷರಿಯೂ ಬಗ್ಗಿ ಒಂದು ಕಲ್ಲು ಹೆಕ್ಕಿ ಬುಟ್ಟಿಗೆ ಹಾಕಿದ.

"ಮೊನ್ನೆ ಕುಯ್ಲಿನೋರ ಜೊತೆ ಗುರುವಯ್ಯ ಈ ದಾರೀಲಿ ಬಂದ. ಎಲ್ರೂ ಒಂದೊಂದು ಕಲ್ಲು ಹಾಕಿದ್ರಂತೆ. ಇವನೂ ಹಾಕಿದ್ನಂತೆ. ಯಾಕೋ ಮಗನೇ ಅಂದ್ರೆ, ನೀನು ಹೇಳಿದ್ದು ಬರೀ ಕೇಳಿದ್ದು ಅಮ್ಮ, ಇದು ಕಣ್ಣಾರೆ ಕಂಡಿದ್ದು, ಓದಿದೋರು ಸುಳ್ಳು ಬರೀತಾರಾ ಅಂದ." ಇಷ್ಟು ಹೇಳಿ ಅವಳು ಮತ್ತೆ ಕಲ್ಲು ಹೆಕ್ಕತೊಡಗಿದಳು.

ಆ ಮಾತು ಷಡಕ್ಷರಿಯನ್ನು ಬಿಡಲಿಲ್ಲ. ಮದರಾಸಿಗೆ ಕಾಗದ ಬರೆದ. 'ಚಿತ್ರದ ಆರಂಭದಲ್ಲೇ ಕಥೆ ಕಲ್ಪಿತವೆಂದು ಬರೆದು ತೋರಿಸಿದ್ದೇವೆ, ನಮ್ಮಿಂದ ಲೋಪವಿಲ್ಲ' ಎಂದು ನಾಲ್ಕು ಸಾಲಿನ ಉತ್ತರ ಬಂತು. ನಿಜ, ತೋರಿಸಿದ್ದರು. ನೆಲದಲ್ಲಿ ಕೂತವರಲ್ಲಿ ಓದು ಬರುವವರು ಎಷ್ಟು ಮಂದಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಮೂಡಿಗೆರೆಯಲ್ಲಿ ಚಿತ್ರ ಇನ್ನೂ ನಡೆಯುತ್ತಿತ್ತು. ಟೆಂಟಿನಲ್ಲಿ ಇದ್ದದ್ದು ಸಿನಿಮಾ ತೋರಿಸುವ ಒಂದೇ ಮಿಷನ್ನು. ಒಂದು ರೀಲು ಮುಗಿದು ಇನ್ನೊಂದು ಹಾಕುವವರೆಗೆ ದೀಪ ಹಚ್ಚುತ್ತಿದ್ದರು. ಒಂದು ಸಂಜೆ ಕೋಟೆಬಾಗಿಲಿನ ರೀಲಿಗೆ ಮುಂಚೆ ದೀಪ ಹತ್ತಿದಾಗ ಷಡಕ್ಷರಿ ಬೆಂಚಿನ ಮೇಲೆ ಎದ್ದು ನಿಂತ. "ಮುಂದೆ ಬರೋದು ಸುಳ್ಳು. ಬರೆದವನು ನಾನು. ಮಾರಯ್ಯ ಬಾಗಿಲು ತೆಗೆದ ಅಂತ ಯಾರೂ ಎಲ್ಲೂ ಹೇಳಿಲ್ಲ." ಕಡಲೆಕಾಯಿ ಸಿಪ್ಪೆಗಳು ತೂರಿಬಂದವು. ಟೆಂಟಿನ ಮಾಲೀಕ ಸುಬ್ಬಣ್ಣ ರಟ್ಟೆ ಹಿಡಿದು ಹೊರಗೆ ಹಾಕಿದ. "ಡಬ್ಬದಲ್ಲಿ ಏನು ಬಂತೋ ಅದನ್ನ ತೋರಿಸ್ತೀನಿ ಮಾರಾಯ್ರೇ. ನಿಮ್ಮ ಪಾಪ ನೀವು ಮನೇಲಿ ತೊಳ್ಕೊಳ್ಳಿ." ಮರುದಿನ ಷಡಕ್ಷರಿ ಮತ್ತೆ ಹೋದ, ಮತ್ತೆ ಹೊರಗೆ ಬಿದ್ದ. ನಾಲ್ಕನೇ ದಿನದ ಹೊತ್ತಿಗೆ, ಸಿನಿಮಾದ ನಡುವೆ ಒಬ್ಬ ರೈಟರ್ ಎದ್ದು ಕಿರುಚುತ್ತಾನಂತೆ ಎಂದು ನೋಡಲೇ ಜನ ಬರತೊಡಗಿದರು. ಸುಬ್ಬಣ್ಣ ರಟ್ಟೆ ಬಿಟ್ಟು, ಬೆಂಚಿನ ತುದಿಯಲ್ಲಿ ಅವನಿಗೆಂದೇ ಜಾಗ ಹಿಡಿದಿಟ್ಟ. ಜನ ಅವನ ಮಾತಿಗೆ ಮುಂಚೆಯೇ ನಗಲು ಕಲಿತರು. ಸಾಹುಕಾರರು ಕರೆಸಿ, "ಎಸ್ಟೇಟಿನ ಹೆಸರು ಹಾಳಾಗ್ತಿದೆ. ಇನ್ನೊಂದು ಸಲ ಕೇಳಿದ್ರೆ ಬೇರೆ ಕೆಲಸ ನೋಡ್ಕೋ," ಎಂದರು. ನಿಜ ಹೇಳಲು ಹೊರಟವನಿಗೆ ಇಂಥ ಗತಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಯ ದಿನದ ಕೊನೆಯ ಆಟ. ಷಡಕ್ಷರಿ ಎದ್ದ, ಶಿಳ್ಳೆ ಬಿತ್ತು, ಹೇಳುವುದನ್ನು ಹೇಳಿದ. ಆಗ ಮುಂದಿನ ನೆಲದಿಂದ ಇನ್ನೊಬ್ಬ ಎದ್ದು ನಿಂತು ಜನರ ಕಡೆ ತಿರುಗಿದ. ಮುಖ ಗುರುತು ಸಿಕ್ಕಿದ್ದೇ ಶಿಳ್ಳೆ ತಟ್ಟನೆ ನಿಂತಿತು.

"ನಾನು ಗುರುವಯ್ಯ. ಪರದೇಲಿ ಇರೋನು ನಾನೇ," ಎಂದ. ದೊಡ್ಡದಾಗಿ ಮಾತಾಡಿ ಅಭ್ಯಾಸವಿಲ್ಲದ ಗಂಟಲು. "ಬಾಗಿಲು ತೆಗಿ ಅಂದ್ರು, ತೆಗೆದೆ. ಬರೋರು ನಮ್ಮೋರೇ ಅಂದ್ಕಂಡಿದ್ದೆ. ಚೀಲದಲ್ಲಿ ಇದ್ದದ್ದು ಚಿನ್ನ ಅಲ್ಲ, ಕಾಫಿ ಸಿಪ್ಪೆ. ಇದನ್ನ ನೋಡಿ ನಮ್ಮಜ್ಜನ ಕಲ್ಲಿಗೆ ನಾನೂ ಕಲ್ಲು ಹೊಡೆದೆ. ಈ ರೈಟರಯ್ಯ ದಿನಾ ಇಲ್ಲಿ ಬೈಸ್ಕೊಳ್ತಾರೆ ಅಂತ ಕೇಳಿದ್ಮೇಲೆ ಗೊತ್ತಾಯ್ತು, ಇದು ಬರೆದ ಸುಳ್ಳು ಅಂತ. ನಮ್ಮಜ್ಜ ಬಾಗಿಲು ತೆಗೀಲಿಲ್ಲ."

ನೆಲದಲ್ಲಿದ್ದ ಹೆಂಗಸರಲ್ಲಿ ಮೂವರು ಸೆರಗು ಕೊಡವಿಕೊಂಡು ಎದ್ದು ಹೊರಗೆ ಹೋದರು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಏಯ್, ರೀಲು ಹಾಕ್ರೋ!" ಎಂದು ಕೂಗಿದರು. ದೀಪ ಆರಿತು. ಪರದೆಯ ಮೇಲಿನ ಗುರುವಯ್ಯ ಚೀಲ ಹಿಡಿದು ನಕ್ಕ, ಬಾಗಿಲು ತೆಗೆದ. ಜನ ಎಂದಿನಂತೆ "ಥೂ" ಎಂದರು. ಕೂಗು ಅಂದು ಸ್ವಲ್ಪ ಕಡಿಮೆಯಿತ್ತೆಂದು ಷಡಕ್ಷರಿಗೆ ಅನಿಸಿತು. ಅನಿಸಿದ್ದೂ ತನ್ನ ಆಸೆಯೇ ಇರಬಹುದೆಂದು ಮರುಗಳಿಗೆ ತೋರಿತು.

ಆಟ ಮುಗಿಯಿತು. ಹೊರಗೆ ಸುಬ್ಬಣ್ಣನ ಆಳುಗಳು ಆಗಲೇ ಗೂಟ ಸಡಿಲಿಸುತ್ತಿದ್ದರು. ಗುರುವಯ್ಯ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಷಡಕ್ಷರಿ ಹತ್ತಿರ ಹೋದ. "ಗುರುವಯ್ಯ, ನನ್ನಿಂದ ತಪ್ಪಾಯ್ತು..."

"ಈ ಟೆಂಟು ಎಲ್ಲಿಗೆ ಹೋಗ್ತದೆ ಅಯ್ಯಾ?" ಎಂದು ಗುರುವಯ್ಯ ಅವನ ಮಾತನ್ನು ಅಲ್ಲಿಗೇ ತಡೆದ.

"ಬೇಲೂರಿಗೆ. ನಾಳೆ ಸಂಜೆಯೇ ಆಟ."

"ಆಮೇಲೆ?"

"ಹಾಸನ ಅಂತಾರೆ. ಅದರಾಚೆ ನನಗೂ ಗೊತ್ತಿಲ್ಲ."

"ಬೇಲೂರು ಎಷ್ಟು ದೂರ?"

"ಇಪ್ಪತ್ತು ಮೈಲಿ ಆಗ್ಬೋದು."

ಗುರುವಯ್ಯ ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ಅಲ್ಲೂ ನೀವು ಬರೆದದ್ದನ್ನ ನೀವೇ ಹೇಳ್ಬೇಕು. ನಂದು ನಾನು ಹೇಳ್ಕೊಳ್ತೀನಿ. ಬೆಳಕು ಹರಿಯೋಕ್ ಮುಂಚೆ ಹೊರಡ್ತೀನಿ, ಬರೋದಾದ್ರೆ ತಡ ಮಾಡ್ಬೇಡಿ," ಎಂದು ಉತ್ತರಕ್ಕೆ ಕಾಯದೆ ನಡೆದುಬಿಟ್ಟ.